ಜಲ ವಿಭಾಗದ ಹಠಾತ್ ನಿಧನಗಳು

ಸಾಗರ ಸೌಹಾರ್ದ ಮಂಡಳಿಯ ಪ್ರವೇಶಾಂಗಣದಲ್ಲಿರುವ ಉಪ್ಪುನೀರಿನ ತೊಟ್ಟಿಯ ಮೀನುಗಳು ಮಂಡಳಿಯ ನೌಕರರು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಅಲಂಕಾರಕ್ಕೆ ಖರ್ಚು ಮಾಡುವುದನ್ನು ನಿಯಮ ನಿಷೇಧಿಸುತ್ತದೆ, ಸಿಬ್ಬಂದಿ ನೇಮಕವನ್ನು ನಿಷೇಧಿಸುವುದಿಲ್ಲ. ಆದ್ದರಿಂದ ಮೀನುಗಳನ್ನು ಕೊಳ್ಳಲಿಲ್ಲ, ನೇಮಿಸಿಕೊಳ್ಳಲಾಯಿತು. ಹುದ್ದೆ: ಸ್ವಾಗತ ಸಹಾಯಕ, ಜಲ ವಿಭಾಗ. ರಜೆ ಕೇಳದೆ, ಚಹಾಕ್ಕೆಂದು ಎದ್ದು ಹೋಗದೆ ಅವು ಕೆಲಸ ಮಾಡುತ್ತಿದ್ದವು. ಇದು ಇತರ ವಿಭಾಗಗಳಲ್ಲಿ ಸ್ವಲ್ಪ ಅಸಮಾಧಾನಕ್ಕೆ ಕಾರಣವಾಗಿತ್ತು.

ಅವುಗಳ ಆರೈಕೆಗೆ ಜೀವವಿಜ್ಞಾನ ಓದಿದ ಒಬ್ಬ ಪಾಲಕಿಯನ್ನು ತೆಗೆದುಕೊಂಡರು. ಕಚೇರಿಯವರು ಅವಳನ್ನು ಮೀನಕ್ಕ ಎಂದು ಕರೆದರು. ಅವಳ ನೇಮಕದ ಆದೇಶದಲ್ಲಿ ಒಂದು ಷರತ್ತಿತ್ತು: ತೊಟ್ಟಿಯಲ್ಲಿ ಮೀನು ಇರುವವರೆಗೆ ಮಾತ್ರ ಹುದ್ದೆ ಇರತಕ್ಕದ್ದು. ಮನೆಯಲ್ಲಿ ಕಣ್ಣು ಮಂಜಾದ ಅಮ್ಮ, ಇನ್ನೂ ಓದುತ್ತಿದ್ದ ತಂಗಿ ಇದ್ದರು. ಮೀನು ಉಸಿರಾಡಿದರೆ ಮನೆ ಉಸಿರಾಡುತ್ತಿತ್ತು.

ತೊಟ್ಟಿಯನ್ನು ಅಧ್ಯಕ್ಷರು ಉದ್ಘಾಟಿಸಿದರು. ಅವರ ಹೆಸರಿನ ಹಿತ್ತಾಳೆ ಫಲಕವನ್ನು ಗೋಡೆಗೆ ಹಾಕುವುದೆಂದು ನಿಗದಿಯಾಗಿತ್ತು. ಆದರೆ ಬಂದವರು ಮೀನನ್ನು ನೋಡಿ ಹೋಗುತ್ತಾರೆ, ಗೋಡೆಯನ್ನು ಯಾರೂ ನೋಡುವುದಿಲ್ಲ ಎಂದು ಅಧ್ಯಕ್ಷರು ಸರಿಯಾಗಿಯೇ ಊಹಿಸಿದರು. ಫಲಕವನ್ನು ನೀರೊಳಗೆ, ಕಲ್ಲುಗಳ ನಡುವೆ ನಿಲ್ಲಿಸಲಾಯಿತು.

ಕೆಲವೇ ದಿನಗಳಲ್ಲಿ ಫಲಕ ಹಸಿರುಗಟ್ಟಿ ಅಧ್ಯಕ್ಷರ ಹೆಸರಿನ ಮುಂದಿನ ಬಿರುದುಗಳು ಕಾಣದಾದವು. ಪ್ರತಿ ಸೋಮವಾರ ಅದನ್ನು ಉಜ್ಜಿ ಬೆಳಗಬೇಕೆಂದು ಆದೇಶವಾಯಿತು. ಜವಾನ ಅಂಗಿಯ ತೋಳು ಮಡಚಿ, ಭುಜದವರೆಗೆ ನೀರಿಗೆ ಕೈ ಇಳಿಸಿ, ತಂತಿಯ ನಾರಿನಿಂದ ಉಜ್ಜತೊಡಗಿದ.

ಮೊದಲು ಸಿಗಡಿಗಳು ಸತ್ತವು. ಅವು ದಿನಗೂಲಿಯವು. ಅವುಗಳ ಬಗ್ಗೆ ಯಾರೂ ಟಿಪ್ಪಣಿ ಬರೆಯಬೇಕಾಗಿರಲಿಲ್ಲ. ಆಮೇಲೆ ಹಳದಿ ಮೀನು ತಿನ್ನುವುದು ಬಿಟ್ಟಿತು. ಮೈಯನ್ನು ಕಲ್ಲಿಗೆ ತಿಕ್ಕಿತು, ಏದುಸಿರು ಬಿಟ್ಟಿತು, ಊಟದ ವಿರಾಮದಲ್ಲಿ ತೀರಿಕೊಂಡಿತು. ಕಾಯಂ ನೌಕರ. ಟಿಪ್ಪಣಿ ಅನಿವಾರ್ಯವಾಯಿತು.

ಮುಖ್ಯ ಗುಮಾಸ್ತರನ್ನು ಎಲ್ಲರೂ ನಿಯಮಣ್ಣ ಎನ್ನುತ್ತಿದ್ದರು. ಅವರು ಪೆನ್ನಿನ ಮುಚ್ಚಳ ತೆಗೆದು ಮೀನಕ್ಕನನ್ನು ಕೇಳಿದರು.

"ಏನಾಗಿತ್ತಮ್ಮ ಅವನಿಗೆ?"

"ತಾಮ್ರ ಅಣ್ಣಾ. ಹಿತ್ತಾಳೆಯಲ್ಲಿ ತಾಮ್ರ ಇರುತ್ತೆ. ಉಪ್ಪುನೀರು ಅದನ್ನ ಕರಗಿಸುತ್ತೆ, ಉಜ್ಜಿದಾಗ ಇನ್ನೂ ಜಾಸ್ತಿ. ಫಲಕ ತೆಗೆದುಬಿಟ್ರೆ ಉಳಿದವು ಬದುಕ್ತವೆ."

"ಯಾವ ಫಲಕ?"

"ಇನ್ಯಾವುದು, ಅಧ್ಯಕ್ಷರದ್ದೇ."

ನಿಯಮಣ್ಣ ಮುಚ್ಚಳ ಹಾಕಿದರು. "ಅಂದ್ರೆ, ಸಾಹೇಬರ ಹೆಸರು ಸೋಕಿ ಪ್ರಾಣ ಹೋಯ್ತು ಅಂತ ಬರೀಬೇಕಾ ನಾನು? ಪಿಂಚಣಿ ಅನ್ನೋದು ಹೇಗಿರುತ್ತೆ ಅಂತ ಒಂದ್ಸಲ ನೋಡೋ ಆಸೆ ಇದೆ ತಾಯಿ."

ಅವರು ಬರೆದದ್ದು: ಅಜ್ಞಾತ ಕಾಯಿಲೆ, ಹಠಾತ್ ನಿಧನ.

ಮತ್ತೊಂದು ಮೀನು ಹೋದಾಗ ತನಿಖಾ ಸಮಿತಿ ರಚನೆಯಾಯಿತು. ಸಾವುಗಳು ಸೋಮವಾರವೇ ಆಗುತ್ತಿವೆ ಎಂಬುದನ್ನು ಸಮಿತಿ ಚುರುಕಾಗಿ ಗಮನಿಸಿತು. ಸೋಮವಾರದ ದೋಷ ನಿವಾರಿಸಲು ಫಲಕ ಉಜ್ಜುವುದನ್ನು ಮಂಗಳವಾರಕ್ಕೆ ಮುಂದೂಡಿತು. ಮುಂದಿನ ಸಾವು ಮಂಗಳವಾರ ಆಯಿತು. ಇದರಿಂದ ಸೋಮವಾರ ನಿರ್ದೋಷಿ ಎಂದು ಸಾಬೀತಾಯಿತು. ಸಮಿತಿ ತೃಪ್ತಿಯಿಂದ ವಿಸರ್ಜನೆಗೊಂಡಿತು.

ಮೀನಕ್ಕ ನೇರ ಅಧ್ಯಕ್ಷರ ಕೋಣೆಗೆ ಹೋದಳು. ಕೈಯಲ್ಲಿ ತೊಟ್ಟಿಯ ನೀರಿದ್ದ ಗಾಜಿನ ನಳಿಗೆ ಇತ್ತು. ಪರೀಕ್ಷೆಯ ಹನಿ ಬಿಟ್ಟಳು. ನೀರು ನೀಲಿಯಾಯಿತು.

"ನೋಡಿ ಸರ್. ತಾಮ್ರ ಇದ್ರೆ ಹೀಗೆ ನೀಲಿ ಆಗುತ್ತೆ."

"ಸಮುದ್ರ ಅಂದ್ಮೇಲೆ ನೀಲಿ ಇರಲ್ವೇನಮ್ಮ?"

"ಫಲಕ ಬೇಡ ಅಂತಿಲ್ಲ ಸರ್. ಅದೇ ಅಳತೆಯಲ್ಲಿ ಪ್ಲಾಸ್ಟಿಕ್ಕಿನದು ಮಾಡಿಸೋಣ. ಚಿನ್ನದ ಬಣ್ಣ ಹೊಡೆಸೋಣ."

ಅಧ್ಯಕ್ಷರು ನಳಿಗೆಯನ್ನು ಪಕ್ಕಕ್ಕೆ ಸರಿಸಿದರು. "ಪ್ಲಾಸ್ಟಿಕ್ಕಿನಲ್ಲಿ ನನ್ನ ಹೆಸರು. ನಾಳೆ ತಗಡಿನಲ್ಲಿ ಅಂತೀಯ, ನಾಡಿದ್ದು ಸೀಮೆಸುಣ್ಣದಲ್ಲಿ ಬರೆದ್ರೆ ಸಾಕು ಅಂತೀಯ. ಹೋಗಮ್ಮ, ಮೀನಿಗೆ ಊಟ ಹಾಕು."

ಅಷ್ಟರಲ್ಲಿ ಆಡಳಿತ ವಿಭಾಗ ಒಂದು ಮಾನವೀಯ ಅಂಶವನ್ನು ಪತ್ತೆಹಚ್ಚಿತು. ಸೇವೆಯಲ್ಲಿರುವಾಗ ನೌಕರ ತೀರಿಕೊಂಡರೆ ಅವನ ಅವಲಂಬಿತರೊಬ್ಬರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡಬೇಕು. ಮೃತನಿಂದ ಅನ್ನ, ಆಶ್ರಯ ಅಥವಾ ಮನೋಧೈರ್ಯ ಪಡೆಯುತ್ತಿದ್ದವರೇ ಅವಲಂಬಿತರು. ಅಧ್ಯಕ್ಷರ ಬಾವಮೈದುನ ದಿನಾ ಬೆಳಿಗ್ಗೆ ಪ್ರವೇಶಾಂಗಣದಲ್ಲಿ ಕೂತು ಪತ್ರಿಕೆ ಓದುತ್ತಿದ್ದವರು. ಹಳದಿ ಮೀನನ್ನು ನೋಡಿದಾಗಲೆಲ್ಲ ತಮಗೆ ಧೈರ್ಯ ಬರುತ್ತಿತ್ತೆಂದು ಅವರು ಪ್ರಮಾಣ ಮಾಡಿದರು. ಹೇಳುವಾಗ ಕಣ್ಣೊರೆಸಿಕೊಂಡರು. ಅವರಿಗೆ ಹಳದಿ ಮೀನಿನ ಸ್ಥಾನ ಸಿಕ್ಕಿತು.

ಅಲ್ಲಿಂದ ಪ್ರವೇಶಾಂಗಣಕ್ಕೆ ಕಳೆ ಬಂತು. ನೌಕರರ ನೆಂಟರಿಷ್ಟರು ಬೆಳಿಗ್ಗೆಯೇ ಬಂದು ತೊಟ್ಟಿಯ ಮುಂದೆ ಕೂತು ಮನೋಧೈರ್ಯ ಪಡೆಯತೊಡಗಿದರು.

"ಆ ಪಟ್ಟೆಯದು ನಮ್ಮ ಅತ್ತಿಗೇದು. ನೀವು ಅದನ್ನ ನೋಡ್ಬೇಡಿ."

"ನೋಡೋಕೂ ಬಾಡಿಗೆ ಕೊಡ್ಬೇಕಾ? ನಿಮ್ಮ ಅತ್ತಿಗೆ ಬರೋ ಮುಂಚೆಯಿಂದ ನಮ್ಮ ಷಡ್ಡಕ ಅದನ್ನೇ ನೋಡ್ತಿದ್ದಾನೆ."

"ಕೆಂಪುದು ಹೇಗಿದೆ ಇವತ್ತು?"

"ಚೆನ್ನಾಗಿಯೇ ಇದೆ, ಹಾಳಾದ್ದು. ಬೆಳಿಗ್ಗೆ ಎರಡು ಸಲ ತಿಂತು."

ಫಲಕವನ್ನು ಇನ್ನು ಮುಂದೆ ದಿನಾ ಬೆಳಗಬೇಕೆಂದು ಸಿಬ್ಬಂದಿ ಸಂಘ ಒಮ್ಮತದಿಂದ ಕೋರಿತು. ಅಧ್ಯಕ್ಷರ ಮೇಲಿನ ಅಭಿಮಾನ ಇಷ್ಟು ಬೆಳೆದಿರುವುದು ಯಾರಿಗೂ ಗೊತ್ತಿರಲಿಲ್ಲ. ಅಧ್ಯಕ್ಷರಿಗೂ ಗೊತ್ತಿರಲಿಲ್ಲ.

ಮೀನಕ್ಕ ತನ್ನ ದಾರಿ ಹುಡುಕಿದಳು. ಎಲ್ಲರಿಗಿಂತ ಮೊದಲು ಬಂದು ಅರ್ಧ ನೀರು ಬದಲಿಸಿದಳು. ತಾಮ್ರ ಹೀರಿಕೊಳ್ಳಲೆಂದು ಶೋಧಕದಲ್ಲಿ ಇದ್ದಿಲು ತುಂಬಿದಳು. ಮೀನುಗಳು ಚೇತರಿಸಿಕೊಂಡವು. ಕೆಂಪು ಮೀನು ಗಾಜಿನ ಹತ್ತಿರ ಬಂದು ರೆಕ್ಕೆ ಬಿಚ್ಚಿತು. ಅದನ್ನೇ ನಂಬಿ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದ ಒಬ್ಬ ಅಳಿಯ ಅಲ್ಲೇ ತಲೆಸುತ್ತಿ ಕೂತ.

ಮರುದಿನ ಸೂಚನಾ ಫಲಕದಲ್ಲಿ ಒಂದು ಪ್ರಕಟಣೆ ಇತ್ತು:

"ಜಲ ವಿಭಾಗದ ನೌಕರರ ಆರೋಗ್ಯವನ್ನು ಪೂರ್ವಾನುಮತಿ ಇಲ್ಲದೆ ಸುಧಾರಿಸತಕ್ಕದ್ದಲ್ಲ. ನೀರು ಬದಲಿಸುವವರು ಹಳೆಯ ನೀರಿನಲ್ಲಿದ್ದ ದೋಷವನ್ನು ಮುಂಚಿತವಾಗಿ ಲಿಖಿತದಲ್ಲಿ ತಿಳಿಸತಕ್ಕದ್ದು. ಮಂಡಳಿಯ ನೀರಿನಲ್ಲಿ ದೋಷವಿದೆಯೆಂದು ಲಿಖಿತದಲ್ಲಿ ತಿಳಿಸುವವರ ವಿರುದ್ಧ ಶಿಸ್ತುಕ್ರಮ ಜರುಗಿಸಲಾಗುವುದು."

ಮೀನಕ್ಕನಿಗೆ ಕಾರಣ ಕೇಳಿ ನೋಟಿಸ್ ಬಂತು. ಈ ಇಡೀ ಪ್ರಕರಣದಲ್ಲಿ ಮಂಡಳಿ ಕಾರಣ ಕೇಳಿದ್ದು ಅದೊಂದೇ ಸಲ. ಇದ್ದಿಲನ್ನು ಜಪ್ತಿ ಮಾಡಲಾಯಿತು.

ಕೆಂಪು ಮೀನು ಹೋಯಿತು. ಅಳಿಯ ಸುಧಾರಿಸಿಕೊಂಡ. ಪಟ್ಟೆ ಮೀನು ಹೋಯಿತು. ಅತ್ತಿಗೆ ಮತ್ತು ಷಡ್ಡಕ ಇಬ್ಬರೂ ಹಕ್ಕು ಸಾಧಿಸಿದ್ದರಿಂದ ಒಂದೇ ಸ್ಥಾನವನ್ನು ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು ಎಂದು ಹಂಚಲಾಯಿತು. ಕೊನೆಗೆ ಒಂದು ಕಪ್ಪು ಮೀನು ಮಾತ್ರ ಉಳಿಯಿತು. ನೋಡಲು ಸುಂದರವಾಗಿರಲಿಲ್ಲ. ಸದಾ ಕಲ್ಲಿನ ಹಿಂದೆ ಇರುತ್ತಿತ್ತು. ಅದರಿಂದ ಮನೋಧೈರ್ಯ ಪಡೆಯಲು ಯಾರಿಗೂ ಸಾಧ್ಯವಾಗಿರಲಿಲ್ಲ.

ಅದು ಒಂದು ಗುರುವಾರ ಮೇಲೆ ತೇಲಿತು. ಮೀನಕ್ಕ ಬಲೆಯಲ್ಲಿ ಅದನ್ನು ಎತ್ತಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನಿಯಮಣ್ಣನ ಮೇಜಿನ ಮುಂದೆ ನಿಂತಳು.

"ಮುಗೀತು ಅಣ್ಣಾ."

"ನಿನ್ನ ಹುದ್ದೆನೂ ಮುಗೀತಲ್ಲಮ್ಮ ಹಾಗಾದ್ರೆ." ನಿಯಮಣ್ಣನಿಗೆ ನಿಜವಾಗಿಯೂ ಬೇಸರವಾಗಿತ್ತು. "ಮನೇಲಿ ಏನು ಹೇಳ್ತೀಯ?"

"ಹೇಳೋಕೆ ಏನಿದೆ? ಇದು ಬದುಕಿದ್ರೆ ನಮಗೆ ಊಟ ಇತ್ತು."

ನಿಯಮಣ್ಣ ತಟ್ಟನೆ ತಲೆ ಎತ್ತಿದರು. "ಏನಂದೆ? ಇನ್ನೊಂದ್ಸಲ ಹೇಳು."

ನಿಯಮದ ಪುಸ್ತಕ ತೆರೆದರು. ಬೆರಳಿಟ್ಟು ಓದಿದರು. ಮೃತನಿಂದ ಅನ್ನ ಪಡೆಯುತ್ತಿದ್ದವರು. ಇಷ್ಟು ನೇಮಕಾತಿಗಳಲ್ಲಿ ಆ ಪದವನ್ನು ಯಾರೂ ಬಳಸಿರಲಿಲ್ಲ. ಎಲ್ಲರೂ ಮನೋಧೈರ್ಯದವರೇ.

ಕಪ್ಪು ಮೀನಿನ ಸ್ಥಾನಕ್ಕೆ ಬಂದ ಮೀನಕ್ಕನ ಅರ್ಜಿ ನೋಡಿ ಆಯ್ಕೆ ಸಮಿತಿ ಗಲಿಬಿಲಿಗೊಂಡಿತು. ನಿಜವಾಗಿಯೂ ಅವಲಂಬಿಸಿದ್ದವರ ಅರ್ಜಿಯನ್ನು ಪರಿಶೀಲಿಸಿ ಅದಕ್ಕೆ ಅಭ್ಯಾಸವಿರಲಿಲ್ಲ. ಬಾವಮೈದುನರೂ ಈಗ ಸಮಿತಿಯಲ್ಲಿದ್ದರು. ಸೇವಾ ಹಿರಿತನದಲ್ಲಿ ಅವರೇ ಹಳದಿ ಮೀನಲ್ಲವೆ? ಅವರು ಒಂದು ಆಕ್ಷೇಪ ಎತ್ತಿದರು.

"ಇವರಿಗೆ ಸಾವಿನ ಕಾರಣ ಗೊತ್ತಿದೆ ಅಂತಾರೆ. ಕಾರಣ ಗೊತ್ತಿರೋರು ಸಾಕ್ಷಿ ಆಗ್ತಾರೆ. ಅನುಕಂಪ ಇರೋದು ಅವಲಂಬಿತರಿಗೆ, ಸಾಕ್ಷಿಗಳಿಗಲ್ಲ."

ಎಲ್ಲರೂ ಮೀನಕ್ಕನ ಕಡೆ ನೋಡಿದರು. ಅವಳು ಕಿಟಕಿಯ ಕಡೆ ನೋಡಿದಳು. ತಂಗಿಯ ಪರೀಕ್ಷೆ ಹತ್ತಿರವಿತ್ತು. ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆ ಇನ್ನೂ ಹತ್ತಿರವಿತ್ತು.

"ಪೆನ್ನು ಕೊಡಿ," ಅಂದಳು.

ಬರೆದಳು: ಕಾರಣ ತಿಳಿದಿಲ್ಲ. ಅಕ್ಷರ ದುಂಡಾಗಿದೆಯೆಂದು ಸಮಿತಿ ಮೆಚ್ಚಿತು.

ಈಗ ಜಲ ವಿಭಾಗದ ಎಲ್ಲ ಸ್ಥಾನಗಳೂ ಭರ್ತಿಯಾಗಿವೆ. ಖಾಲಿ ಇಲ್ಲದ್ದರಿಂದ ಹೊಸ ಮೀನು ತರಲು ಅವಕಾಶವಿಲ್ಲ. ನೀರು ತಿಳಿಯಾಗಿದೆ. ಅಧ್ಯಕ್ಷರ ಹೆಸರು ಬಿರುದುಗಳ ಸಮೇತ ಗೇಟಿನಿಂದಲೇ ಓದಬಹುದು. ಸ್ವಾಗತ ಸಹಾಯಕರು ತೊಟ್ಟಿಯ ಪಕ್ಕದ ಕುರ್ಚಿಗಳಲ್ಲಿ ಸಾಲಾಗಿ ಕೂರುತ್ತಾರೆ. ರಜೆಯಲ್ಲಿಲ್ಲದವರು ಮಾತ್ರ. ಅಂದರೆ ಸಾಮಾನ್ಯವಾಗಿ ಮೀನಕ್ಕ.

ಕಳೆದ ವಾರ ಮಧ್ಯವಯಸ್ಸಿನ ಒಬ್ಬರು ಬಂದರು. ವೃತ್ತಿಯಲ್ಲಿ ಗಡಿಯಾರ ರಿಪೇರಿಯವರು. ಮನೆಯಲ್ಲಿ ಉಪ್ಪುನೀರಿನ ಸಣ್ಣ ತೊಟ್ಟಿ ಇಟ್ಟಿದ್ದರು.

"ಅಮ್ಮಾ, ನೀವು ಮೀನಿನ ವಿಷಯ ಓದಿದೋರು ಅಂತ ಯಾರೋ ಹೇಳಿದ್ರು. ನಮ್ಮಲ್ಲಿ ಚೆನ್ನಾಗೇ ಓಡಾಡ್ತಿರೋ ಮೀನು ಇದ್ದಕ್ಕಿದ್ದಂತೆ ಸಾಯ್ತಿವೆ. ಇನ್ನು ಎರಡೇ ಉಳಿದಿವೆ. ಏನಿರಬಹುದು?"

ಮೀನಕ್ಕ ಮುಂದೆ ಬಾಗಿದಳು. "ನೀರೊಳಗೆ ಲೋಹದ್ದು ಏನಾದ್ರೂ..."

ಒಳಗಿನ ಮೇಜಿನಲ್ಲಿ ನಿಯಮಣ್ಣ ಕನ್ನಡಕ ಸರಿಮಾಡಿಕೊಂಡರು. ಜವಾನ ತೊಟ್ಟಿಯಿಂದ ಕೈ ಹೊರತೆಗೆದು ನಿಂತ.

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. "ಕಾರಣ ತಿಳಿದಿಲ್ಲ. ಅವನ್ನ ನಂಬಿಕೊಂಡೋರು ಯಾರಾದ್ರೂ ಇದ್ದಾರಾ ಮನೇಲಿ?"

"ನಮ್ಮ ಬಾವ ಇದ್ದಾರೆ," ಅಂದರು ಗಡಿಯಾರದವರು. "ಕೆಲಸ ಇಲ್ಲ. ದಿನಾ ಅದರ ಮುಂದೇನೇ ಕೂತಿರ್ತಾರೆ." ಆಮೇಲೆ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು: "ಎರಡು ಮೀನಿಗೆ ಎರಡು ಅರ್ಜಿ ಹಾಕಬಹುದಾ?"