ಮಾಮಾನ ಜೊಲ್ಲುಪುರಾಣ

ಚಿನ್ನ ಕೂಡಿಡುವವರನ್ನು ನೋಡಿದ್ದೀರಿ, ಹಳೆಯ ನಾಣ್ಯ ಕೂಡಿಡುವವರನ್ನೂ ನೋಡಿದ್ದೀರಿ. ಸ್ವಂತ ಜೊಲ್ಲನ್ನೇ ಆಸ್ತಿ ಎಂದು ತಿಳಿದವರನ್ನು ಕಂಡಿದ್ದೀರಾ? ಇಲ್ಲವಾದರೆ ಹೈದರಾಬಾದಿನ ಕೊಂಡಾಪುರಕ್ಕೆ ಬನ್ನಿ, ನನ್ನ ಸೋದರಮಾವನನ್ನು ತೋರಿಸುತ್ತೇನೆ!

ಪಟಾನ್‌ಚೆರುವಿನ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದ ಮಾಮಾ ಮೊದಲು ಹೀಗಿರಲಿಲ್ಲ. ಅತ್ತೆಗೆ ಗಂಟಲಿನ ಕಾಯಿಲೆಯಾಗಿ ರೇಡಿಯೇಷನ್ ಕೊಟ್ಟರು. ಕಾಯಿಲೆಯೇನೋ ಹೋಯಿತು, ಜೊತೆಗೆ ಬಾಯಿಯ ಜೊಲ್ಲೂ ಹೋಯಿತು! ವರ್ಷದೊಳಗೆ ನಾಲ್ಕು ಹಲ್ಲು ಹುಳುಕಾಗಿ ಕೀಳಿಸಬೇಕಾಯಿತು. ಹಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದರು: ಜೊಲ್ಲೆಂದರೆ ಬರೀ ನೀರಲ್ಲ, ಅದರಲ್ಲಿರುವ ಪ್ರೋಟೀನುಗಳು ಹಲ್ಲಿನ ಮೇಲೆ ತೆಳ್ಳಗೆ ಪದರ ಕಟ್ಟಿ ಕಾಯುತ್ತವೆ, ಕೆಲವು ಹುಳುಕು ಮಾಡುವ ಕ್ರಿಮಿಗಳನ್ನು ಕಟ್ಟಿಹಾಕುತ್ತವೆ; ಈ ಕಾವಲುಗಾರರೇ ಇಲ್ಲದ ಮೇಲೆ ಉಳಿದ ಹಲ್ಲುಗಳೂ ಅನುಮಾನ. ಖಡಕ್ ರೊಟ್ಟಿಯನ್ನು ಕಟಕಟನೆ ಅಗಿಯುತ್ತಿದ್ದ ಅತ್ತೆ ಅದನ್ನು ಮಜ್ಜಿಗೆಯಲ್ಲಿ ನೆನೆಹಾಕಿ ಕಾಯುತ್ತ ಕೂರುವುದನ್ನು ನೋಡಿ ಮಾಮಾನಿಗೆ ತಲೆ ಕೆಟ್ಟಿತು.

ಅಂದಿನಿಂದ ಯಾರು ಉಗುಳಿದರೂ ಅವರು ಸಹಿಸುವುದಿಲ್ಲ. ಅಬಿಡ್ಸ್‌ನ ಬಸ್ ಸ್ಟಾಪಿನಲ್ಲಿ ನನ್ನೊಡನೆ ನಿಂತಿದ್ದಾಗ ಪಾನ್ ಉಗುಳಿದವನೊಬ್ಬನ ತೋಳು ಹಿಡಿದು, "ಕ್ಯಾ ಮಿಯಾ, ಇತ್ತಾ ಪ್ರೋಟೀನ್ ಕಾಯ್ಕೂ ಫೇಂಕ್ ರೈಂ?" ಇಷ್ಟೊಂದು ಪ್ರೋಟೀನು ಯಾಕೆ ಎಸೆಯುತ್ತೀ ಎಂದು ದಬಾಯಿಸಿದರು. ಆತ ಅವರನ್ನು ಮೇಲಿಂದ ಕೆಳಗೆ ನೋಡಿ ಬಹಳ ಮರ್ಯಾದೆಯಿಂದ ಕೇಳಿದ: "ಆಪ್ಕು ಹೋನಾ ಕ್ಯಾ ಸಾಬ್?" ನಿಮಗೆ ಬೇಕಾ ಎಂದು! ನಾನು ಬಸ್ಸಿನ ಆಸೆ ಬಿಟ್ಟು ಆಟೋ ಹತ್ತಿದೆ.

ಆದರೆ ಆ ಪ್ರಶ್ನೆ ಮಾಮಾನ ತಲೆ ಹೊಕ್ಕಿತು ನೋಡಿ. ಬೇಕು, ಯಾಕೆ ಬೇಡ? ಮರುದಿನದಿಂದ ಮನೆಗೆ ಬಂದ ದೊಡ್ಡವರಿಗೆಲ್ಲ ಚಹಾಕ್ಕಿಂತ ಮೊದಲು ಒಂದೊಂದು ಖಾಲಿ ಬಾಟಲಿ! ಅದಕ್ಕೆ ಜೊಲ್ಲು ತುಂಬಿಸಿದ ಮೇಲೆ ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ಹುಳುಕು ಎಣಿಸುವ ಶಾಸ್ತ್ರ. ಹುಳುಕಿಲ್ಲದ ಬಾಯಿಯ ಜೊಲ್ಲೇ ಗಟ್ಟಿ ಎಂಬುದು ಅವರ ಲೆಕ್ಕ. ನಮ್ಮ ಬಂಧುಗಳು ಚಹಾ ಹೊರಗೇ ಕುಡಿದು ಬರತೊಡಗಿದರು. ಕೊನೆಗೆ ಒಂದೂ ಹುಳುಕಿಲ್ಲದ ಬಾಯಿ ಎಂದು ಆಯ್ಕೆಯಾದದ್ದು ಯಾರದು? ಸ್ವತಃ ಮಾಮಾನದು!

"ರಕ್ತ ಕೊಡಾಕ ಬರ್ತೈತಿ, ಕಿಡ್ನಿ ಕೊಡಾಕ ಬರ್ತೈತಿ. ನನ್ನ ಜೊಲ್ಲು ನಿನಗ ಯಾಕ ಕೊಡಾಕ ಬರೂದಿಲ್ಲ?" ಎಂದು ಬಾಟಲಿ ಹಿಡಿದು ಅತ್ತೆಯ ಮುಂದೆ ನಿಂತರು.

ಅತ್ತೆಯೋ, ಉಪ್ಪು ನೋಡುವುದಕ್ಕೂ ಸಾರನ್ನು ನಾಲಿಗೆಗೆ ಹಚ್ಚದ ಮಡಿವಂತೆ. "ಇರೂ ಹಲ್ಲೆಲ್ಲಾ ಹೋದ್ರೂ ಹೋಗ್ಲಿ. ನಿಮ್ಮ ಎಂಜಲಾ ನನ್ನ ಬಾಯಾಗ ಬ್ಯಾಡ್ರಿ" ಎಂದರು. ಹಾಗೆಲ್ಲ ಕೊಡಲು ಬರುವುದಿಲ್ಲ ಎಂದು ಡಾಕ್ಟರಮ್ಮನೂ ಹೇಳಿದ ಮೇಲೆ ಮಾಮಾ ಬಾಟಲಿಗಳನ್ನೆಲ್ಲ ತೊಳೆದು ಅಟ್ಟಕ್ಕೆ ಹಾಕಿದರು.

ಕಳೆದ ವಾರ ಐದನೆಯ ಹಲ್ಲು ನೋಯತೊಡಗಿತು. ಕೀಳುವುದೋ ಉಳಿಸುವುದೋ ನೋಡೋಣ ಎಂದು ಡಾಕ್ಟರಮ್ಮ ಅತ್ತೆಯನ್ನು ಒಳಗೆ ಕರೆದರು. ಹೊರಗೆ ಬೆಂಚಿನ ಮೇಲೆ ಮಾಮಾ ತುಟಿ ಬಿಗಿದು ಕುಳಿತಿದ್ದರು. ನಾನು ನೀರಿನ ಬಾಟಲಿ ಚಾಚಿದೆ.

"ಬ್ಯಾಡೋ. ಹೆದರಿ ಬಾಯಿ ಒಣಗೇತಿ. ಆಕಿಗೆ ದಿನಾ ಹಿಂಗ ಆಗ್ತಿರಬೇಕಲ್ಲ" ಎಂದರು. ನನಗೆ ನಗಲು ಆಗಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಅತ್ತೆ ಬಂದರು. ಹಲ್ಲು ಉಳಿದಿತ್ತು! ಸೂಜಿಮದ್ದಿಗೆ ಅರ್ಧ ಕೆನ್ನೆ ಜೋಮು ಹಿಡಿದಿತ್ತು. ತುಟಿಯ ಕೊನೆಯಿಂದ ಒಂದು ಒದ್ದೆ ಎಳೆ ಗದ್ದಕ್ಕೆ ಇಳಿಯುತ್ತಿದ್ದುದು ಅವರಿಗೇ ಗೊತ್ತಿರಲಿಲ್ಲ. ಮಾಮಾ ಬರಿಗೈಯಿಂದ ಅದನ್ನು ಒರೆಸಿ, ಒದ್ದೆ ಬೆರಳನ್ನು ನನ್ನ ಕಣ್ಣ ಮುಂದೆ ಹಿಡಿದರು.

"ಬರಾಕತ್ತೈತಿ ನೋಡೋ."

ಬಾಯಿ ಮುಕ್ಕಳಿಸಿದ ನೀರಿರಬಹುದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಹೌದ್ರಿ ಮಾಮಾ, ಬರಾಕತ್ತೈತಿ" ಎಂದೆ.