ಅಳತೆ ಕೊಡದ ಕೋಳಿ

ಅಕ್ಕ ಫೋನ್ ಇಟ್ಟ ಮೇಲೆ ಟೈಲರಮ್ಮ ಹೊಲಿಗೆ ಮಿಷಿನ್ನಿನ ಮುಂದೆ ಹಾಗೇ ಕೂತುಬಿಟ್ಟಳು. ಸೂಜಿ ಬಟ್ಟೆಯಲ್ಲಿ, ಕಾಲು ಪೆಡಲಿನ ಮೇಲೆ, ಜೀವ ಮಾತ್ರ ಬಾಯಿಗೆ ಬಂದಿತ್ತು.

“ಭಾನುವಾರ ಊಟಕ್ಕೆ ಬರ್ತಾಳಂತೆ ರೀ.”

“ಯಾರು?” ಅಂದ ಗಂಡ. ಬಸ್ ಡಿಪೋದಲ್ಲಿ ಬಸ್ಸು ಹೋಗುವ ಬರುವ ವೇಳೆ ಬರೆಯುವ ಕೆಲಸ ಆತನದು.

“ನಮ್ಮಕ್ಕ.”

ಆತ ಪೇಪರ್ ಮಡಚಿಟ್ಟ. ಎಂಟು ವರ್ಷದಿಂದ ಆ ಮನೆಗೆ ಪೇಪರ್ ಮಡಚುವಂಥ ಸುದ್ದಿ ಬಂದಿರಲಿಲ್ಲ.

ಎಂಟು ವರ್ಷದ ಹಿಂದೆ ಅಕ್ಕನ ಮನೆಯಲ್ಲಿ ಹನ್ನೊಂದು ಜನ ಬೀಗರ ಎದುರು ಟೈಲರಮ್ಮ ಒಂದು ತುಂಡು ಬಾಯಿಗಿಟ್ಟು, “ಅಕ್ಕಾ, ಇದು ಕೋಳಿಯೋ, ನೆನೆದ ರಟ್ಟೋ?” ಅಂದಿದ್ದಳು. ನಾಲ್ಕು ಜನ ನಗಲಿ ಅಂತ ಅಂದದ್ದು. ಹನ್ನೊಂದು ಜನವೂ ನಕ್ಕರು. ಅಕ್ಕ ಒಬ್ಬಳು ನಗಲಿಲ್ಲ. ಅವತ್ತು ಬಿಟ್ಟ ಮಾತು ಬಿಟ್ಟಂಗೇ ಉಳಿಯಿತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ಒಬ್ಬರ ಕ್ಷೇಮ ಒಬ್ಬರು ಮೂರನೆಯವರಿಂದ ಕೇಳಿ ತಿಳಿಯುವಂತಾಯಿತು. ಈಗ ಅಕ್ಕ ತಾನಾಗೇ ಫೋನ್ ಮಾಡಿದ್ದಳು. ಆದರೆ ಸುಮ್ಮನೆ ಮಾಡಿರಲಿಲ್ಲ.

“ನೀನು ಅವತ್ತು ಅಂದ್ಮೇಲೆ ನಾನು ಅಂಗಡಿ ಕೋಳಿ ಮುಟ್ಟಿಲ್ಲ ಕಣೇ,” ಅಂದಿದ್ದಳು. “ಸಣ್ಣ ಫಾರಂದು, ಬಯಲಲ್ಲಿ ಓಡಾಡ್ಕೊಂಡು ಹುಲ್ಲು ಹುಳ ಹೆಕ್ಕಿ ಬೆಳೆದದ್ದಾದ್ರೆ ಮಾತ್ರ ತಿನ್ನೋದು. ನಿಂಗೆ ಕಷ್ಟ ಆದ್ರೆ ಬೇಡ ಬಿಡು.”

“ಆ ‘ಬೇಡ ಬಿಡು’ ಕೇಳಿದ್ರಾ?” ಟೈಲರಮ್ಮ ಗಂಡನ ಕಡೆ ತಿರುಗಿದಳು. “ಪರೀಕ್ಷೆ ಇಟ್ಟಿದ್ದಾಳೆ. ಇದ್ರಲ್ಲಿ ಫೇಲಾದ್ರೆ ಇನ್ನೆಂಟು ವರ್ಷ!”

“ಆಗ ನಿನಗೆ ಅರವತ್ತೊಂಬತ್ತು,” ಅಂದ ಗಂಡ. (ವೇಳೆ ಬರೆಯುವವರಿಗೆ ಸಮಾಧಾನ ಹೇಳಲು ಬರುವುದಿಲ್ಲ.)

ಆ ವಾರ ಟೈಲರಮ್ಮ ಎರಡು ಬ್ಲೌಸಿಗೆ ತೋಳು ತಿರುಗಾಮುರುಗಾ ಕೂರಿಸಿದಳು. ಮಾಂಸದಂಗಡಿಯೊಂದರಲ್ಲಿ ‘ಬಯಲು ಕೋಳಿ’ ಅಂತ ಬೋರ್ಡು ಕಂಡು ಒಳಗೆ ಹೋಗಿ, “ದಿನಕ್ಕೆ ಎಷ್ಟು ಹೊತ್ತು ಓಡಾಡ್ತಿತ್ತು ಇದು?” ಅಂತ ಕೇಳಿದಳು.

“ನಾನು ಅದರ ಜೊತೆ ವಾಕಿಂಗ್ ಹೋಗಿರ್ಲಿಲ್ಲ ತಾಯಿ,” ಅಂದ ಅಂಗಡಿಯವನು.

ಇನ್ನೊಂದು ಅಂಗಡಿಯ ಪ್ಯಾಕೆಟ್ಟಿನ ಮೇಲೆ ಹಸಿರು ಹುಲ್ಲಿನ ಚಿತ್ರವಿತ್ತು. ಒಳಗಿದ್ದದ್ದು ಹುಲ್ಲಿನ ಚಿತ್ರವನ್ನೂ ನೋಡಿದ ಹಾಗಿರಲಿಲ್ಲ. ಕೊನೆಗೆ ಬ್ಲೌಸ್ ಹೊಲಿಸಲು ಬಂದ ನರ್ಸಮ್ಮ, ಬಸ್ಸಿನ ಕಟ್ಟಕಡೆಯ ಸ್ಟಾಪಿನಾಚೆ ಒಬ್ಬಳು ಮುದುಕಿ ಅರವತ್ತು ಕೋಳಿ, ನಾಲ್ಕು ಕುರಿ ಸಾಕಿಕೊಂಡಿದ್ದಾಳೆ ಅಂತ ಹೇಳಿ ಪುಣ್ಯ ಕಟ್ಟಿಕೊಂಡಳು.

ಗುರುವಾರ ಗಂಡನನ್ನು ಎಳೆದುಕೊಂಡು ಟೈಲರಮ್ಮ ತನಿಖೆಗೆ ಹೊರಟಳು. ಕುತ್ತಿಗೆಯಲ್ಲಿ ಟೇಪು. ಟೇಪು ಹಿಡಿಯದೆ ಯಾವುದನ್ನೂ ನಂಬಿದವಳಲ್ಲ ಆಕೆ. ಬೇಲಿಯ ಉದ್ದ ಅಳೆದಳು, ಹುಲ್ಲಿನ ಎತ್ತರ ಅಳೆದಳು, ಅರವತ್ತರಿಂದ ಭಾಗಿಸಿ ಕೋಳಿಯೊಂದಕ್ಕೆ ಎಷ್ಟು ಜಾಗ ಅಂತ ಲೆಕ್ಕ ಹಾಕಿದಳು. ಕಡೆಗೆ ಕಪ್ಪು ಬಾಲದ ಕೆಂಪು ಕೋಳಿಯೊಂದರ ಎದೆ ಸುತ್ತಳತೆಗೆ ಬಗ್ಗಿದಾಗ ಅದು ಟೇಪಿನ ತುದಿಯನ್ನು ಕುಕ್ಕಿ, ಕುರಿಗಳ ಕಾಲ ಸಂದಿಯಲ್ಲಿ ಮಾಯವಾಯಿತು.

“ಅದೇ ಬೇಕು ನಂಗೆ,” ಅಂದಳು.

“ಶನಿವಾರ ಹೊತ್ತು ಮುಳುಗೋವಾಗ ಬನ್ನಿ,” ಅಂದಳು ಕೋಳಿಯಜ್ಜಿ. “ತಾವಾಗೇ ಗೂಡಿಗೆ ಬರ್ತವೆ. ಹಿಡಿದು ಕೊಡ್ತೀನಿ.”

ಟೈಲರಮ್ಮ ಟೇಪು ಸುತ್ತುವುದನ್ನು ನಿಲ್ಲಿಸಿದಳು. “ಗೂಡು? ಅಂದ್ರೆ ಕೂಡಿ ಹಾಕ್ತೀರಾ?”

“ನರಿ ಬರ್ತದೆ ತಾಯಿ. ಬಾಗಿಲು ಹಾಕದೆ ಅದನ್ನೂ ಊಟಕ್ಕೆ ಕರೀಲಾ?”

“ಅದೆಲ್ಲ ಬೇಡ. ನಮ್ಮಕ್ಕ ಕೇಳಿದ್ರೆ ಗೂಡಿಂದ ತೆಗೆದದ್ದು ಅಂತ ಯಾವ ಬಾಯಲ್ಲಿ ಹೇಳ್ಲಿ? ಭಾನುವಾರ ಬೆಳಗ್ಗೆ ಬರ್ತೀವಿ. ಓಡಾಡ್ತಿರೋದನ್ನ ಕಣ್ಣಾರೆ ನೋಡಿ, ಓಡಾಡ್ತಿರುವಾಗಲೇ ಹಿಡ್ಕೊಂಡು ಹೋಗ್ತೀವಿ.”

ಕೋಳಿಯಜ್ಜಿ ಟೈಲರಮ್ಮನ ಗಂಡನ ಮುಖ ನೋಡಿದಳು. ಗಂಡ ಹುಲ್ಲು ನೋಡಿದ.

“ಬನ್ನಿ,” ಅಂದಳು ಅಜ್ಜಿ. “ಹಿಡಿಯೋರು ನೀವೇ.”

ಭಾನುವಾರ ಎಂಟು ಗಂಟೆಗೆ ಸಮರ ಶುರುವಾಯಿತು. ಕೆಂಪು ಕೋಳಿ ಬೇಲಿ ಹತ್ತಿತು, ಬೇಲಿ ಇಳಿಯಿತು, ಕುರಿಯ ಬೆನ್ನೇರಿ ಸವಾರಿ ಮಾಡಿತು. ಟೈಲರಮ್ಮ ಎಡದಿಂದ, ಗಂಡ ಬಲದಿಂದ. ಎರಡು ಸಲ ಅವರು ಒಬ್ಬರನ್ನೊಬ್ಬರು ಹಿಡಿದರು. ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತ ಅಜ್ಜಿ, “ಹಿಂದೆ, ಹಿಂದೆ! ಅಯ್ಯೋ, ನಿಮ್ಮ ಹಿಂದೆ ಅಲ್ಲ, ಅದರ ಹಿಂದೆ!” ಅಂತ ದಾರಿ ತೋರಿಸುತ್ತಿದ್ದಳು.

“ಒಂಬತ್ತೂ ನಲವತ್ತು,” ಗಂಡ ಏದುಸಿರು ಬಿಡುತ್ತ ಕೂಗಿದ. “ಓಡಾಡುತ್ತೆ ಅಂತ ಇನ್ನೂ ನಂಬಿಕೆ ಬರ್ಲಿಲ್ವೇನೇ?”

“ಮಾತಾಡ್ಬೇಡಿ, ಹಿಡೀರಿ! ಅಕ್ಕನ ಬಸ್ಸು ಹನ್ನೆರಡಕ್ಕೆ!”

ಹಾಗಂದವಳು ಮಹಾ ಧೈರ್ಯದಿಂದ ಹಾರಿದಳು. ಕೋಳಿ ಪಕ್ಕಕ್ಕೆ ಸರಿಯಿತು. ಕುರಿಗಳು ಬಿಟ್ಟುಹೋದದ್ದು ಮಾತ್ರ ಅಲ್ಲೇ ಇತ್ತು. ಟೈಲರಮ್ಮ ಅದರ ಮೇಲೆ ಬೋರಲು ಬಿದ್ದಳು.

“ಸಾಕು ಏಳಿ ತಾಯಿ,” ಅಂತ ಅಜ್ಜಿ ಎಬ್ಬಿಸಿದಳು. “ನೀವು ಹೆದರಿಸಿದ ಭರಕ್ಕೆ ಇನ್ನು ಸಂಜೆ ತನಕ ನನ್ನ ಕೈಗೂ ಸಿಕ್ಕಲ್ಲ.” ಪಾಪ ಅನ್ನಿಸಿ ಹನ್ನೆರಡು ಮೊಟ್ಟೆ ಕೊಟ್ಟು ಕಳಿಸಿದಳು.

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ, ವಾಸನೆ ಹಾಗಿತ್ತು. ಮಾಂಸದಂಗಡಿ ಬಂದಾಗ ಟೈಲರಮ್ಮ ಎದ್ದು ನಿಂತಳು. ಒಂದು ಪ್ಯಾಕೆಟ್ ತಂದು ಬಯಲಿನದ್ದು ಅಂದರೆ ಯಾರಿಗೆ ಗೊತ್ತಾಗುತ್ತೆ? ಅಕ್ಕ ನಂಬಿಯೇ ನಂಬುತ್ತಾಳೆ. ನಂಬುತ್ತಾಳೆ ಅನ್ನಿಸಿದ್ದೇ ಮತ್ತೆ ಕೂತಳು.

“ಇಳೀಲಿಲ್ವಾ?” ಅಂದ ಗಂಡ.

“ಎಂಟು ವರ್ಷ ಆದ್ಮೇಲೆ ಬರ್ತಿದ್ದಾಳೆ ರೀ. ಸುಳ್ಳು ಬಡಿಸ್ಲಾ?”

ಮನೆ ಮುಂದೆ ಬಂದರೆ ಅಕ್ಕ ಆಗಲೇ ಮೆಟ್ಟಿಲ ಮೇಲೆ ಕೂತಿದ್ದಾಳೆ! ಕೂದಲು ಪೂರ್ತಿ ನೆರೆತಿದೆ. ಮಡಿಲಲ್ಲಿ ಟವೆಲ್ಲು ಸುತ್ತಿದ ದೊಡ್ಡ ಪಾತ್ರೆ.

“ಅಕ್ಕಾ, ಕೋಳಿ ಸಿಗ್ಲಿಲ್ಲ,” ಅಂದವಳೇ ಟೈಲರಮ್ಮ ಗೊಳೋ ಅಂತ ಅತ್ತುಬಿಟ್ಟಳು.

ಅಕ್ಕ ತಂಗಿಯ ತಲೆಯಿಂದ ಒಂದು ಪುಕ್ಕ ತೆಗೆದು, ಮೂಸಿ, ದೂರ ಎಸೆದಳು. “ನಿಂಗೆಲ್ಲಿ ಸಿಕ್ಕೀತು ಅಂತ ನಾನೇ ಮಾಡ್ಕೊಂಡು ಬಂದೆ ಕಣೇ. ಮೂರು ವರ್ಷ ಬಯಲಲ್ಲೇ ಓಡಿದ ಹುಂಜ. ಮೊದ್ಲು ಸ್ನಾನ ಮಾಡ್ಕೊಂಡು ಬಾ.”

ಮೂವರೂ ಊಟಕ್ಕೆ ಕೂತರು. ಟೈಲರಮ್ಮ ಒಂದು ತುಂಡು ಬಾಯಿಗಿಟ್ಟು ಅಗಿದಳು. ಬಲಕ್ಕೆ ಅಗಿದಳು, ಎಡಕ್ಕೆ ಅಗಿದಳು. ಮೂರು ವರ್ಷ ಓಡಿದ ಹುಂಜ ಸತ್ತ ಮೇಲೂ ನಿಲ್ಲುವ ಲಕ್ಷಣ ಕಾಣಲಿಲ್ಲ. ಹೊಲಿಗೆ ಮಿಷಿನ್ನಿನ ಚರ್ಮದ ಬೆಲ್ಟಿಗಾದರೂ ಒಂದು ಕೊನೆ ಅಂತಿರುತ್ತದೆ.

ಅಕ್ಕ ಊಟ ಬಿಟ್ಟು ತಂಗಿಯ ಮುಖವನ್ನೇ ನೋಡುತ್ತಿದ್ದಳು. “ಹೇಗಿದೆ?” ಅಂತ ಕೇಳಿದಳು.

ಗಂಡ ಗಾಬರಿಯಿಂದ ಹೆಂಡತಿಯ ತುಟಿ ನೋಡಿದ. ಆಕೆಯ ನಾಲಿಗೆ ಎಂಥದ್ದು ಅಂತ ಅವನಿಗೆ ಗೊತ್ತಿಲ್ಲವೇ? ಮಾತು ಹುಟ್ಟಿಯೂ ಆಗಿತ್ತು. ಬೆಲ್ಟಿನ ಮಾತೇ. ಹಲ್ಲಿನ ತನಕ ಬಂದೂ ಬಂದಿತ್ತು. ಆದರೆ ಬಾಗಿಲಲ್ಲಿ ಹುಂಜ ಅಡ್ಡ ನಿಂತಿದ್ದರಿಂದ ಆಚೆ ಬರಲಾಗಲಿಲ್ಲ. ಟೈಲರಮ್ಮ ಉಸಿರು ಬಿಗಿಹಿಡಿದು ಅಗಿದಳು. ದವಡೆ ನೋವಿಗೆ ಕಣ್ಣಲ್ಲಿ ನೀರು ದಳದಳ ಇಳಿಯಿತು.

ಅದನ್ನು ನೋಡಿ ಅಕ್ಕನ ಕಣ್ಣಲ್ಲೂ ನೀರು. “ಅಳ್ಬೇಡ್ವೇ. ಬಾಯಿಬಿಟ್ಟು ಹೊಗಳೋಕೆ ನಿಂಗೆ ಬರಲ್ಲ, ಗೊತ್ತು ನಂಗೆ. ಎಂಟು ವರ್ಷ ನಾನೂ ಹಟ ಮಾಡ್ದೆ.” ತಂಗಿಯ ಕೆನ್ನೆ ಸವರಿದಳು, ನೋಯುತ್ತಿದ್ದ ಕಡೆಯೇ. “ಇಷ್ಟು ಹಿಡಿಸ್ತು ಅಂದ್ಮೇಲೆ ಇನ್ನೇನು, ಪ್ರತಿ ಭಾನುವಾರ ಮಾಡ್ಕೊಂಡು ಬರ್ತೀನಿ.”

ಅಂದು, ಪಾತ್ರೆ ಕೆದಕಿ, ಇದ್ದದ್ದರಲ್ಲಿ ದೊಡ್ಡ ಕಾಲು ಹುಡುಕಿ ಬಡಿಸಿದಳು.

ಟೈಲರಮ್ಮ ಕಣ್ಣೊರೆಸಿಕೊಂಡು ಅದಕ್ಕೂ ಕೈ ಹಾಕಿದಳು. ಮೊದಲನೆಯ ತುಂಡು ಇನ್ನೂ ಬಾಯಲ್ಲೇ ಇತ್ತು.