ಮೈನಾಳ ಹಾಸಿಗೆ

ಟಾಂಗಾ ಹೊಡೆಯುತ್ತಿದ್ದ ನನ್ನ ಗೆಳೆಯ ಲಾಡಲೇಸಾಬ ಹೋದ ಗುರುವಾರ ಬೆಳಿಗ್ಗೆ ತೀರಿಕೊಂಡ. ಜ್ವರ ಬಂದು ಮೂರು ದಿನವಾಗಿತ್ತು. ಮಣ್ಣು ಮಾಡಿ ಬಂದ ಮೇಲೆ ನನ್ನ ಹೆಂಡತಿ ಗುರುಬಸವ್ವ ಸ್ನಾನಕ್ಕೆ ನೀರು ತೋಡಿ ಕೊಟ್ಟಳು, ಊಟಕ್ಕೆ ಬಡಿಸಿದಳು, ನನ್ನನ್ನು ಒಂದು ಸಲವೂ ಬೈಯಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹಾಗಾದದ್ದು ಅದೇ ಮೊದಲು.

ಸತ್ತವರ ಬಗ್ಗೆ ಬರೆಯುವವರು ಅವರ ದೊಡ್ಡ ಗುಣಗಳನ್ನು ಹೇಳುತ್ತಾರೆ. ನನಗೆ ಮತ್ತೆ ಮತ್ತೆ ನೆನಪಾಗುತ್ತಿರುವುದು ಒಂದು ಚಳಿಗಾಲದ ಫಜೀತಿ. ಅದರಲ್ಲಿ ದೊಡ್ಡ ಗುಣ ತೋರಿಸಿದ್ದು ಅವನ ಕುದುರೆ, ದಡ್ಡತನ ತೋರಿಸಿದ್ದು ನಾನು.

ನಮ್ಮ ಮನೆ ವಿಜಾಪುರದ ಅಥಣಿ ರಸ್ತೆಯಲ್ಲಿ, ಊರು ಮುಗಿಯುವಲ್ಲಿದೆ. ನಮ್ಮ ಎಮ್ಮೆ ಸತ್ತ ವರ್ಷ ಹಿತ್ತಲಿನ ಕೊಟ್ಟಿಗೆ ಬರಿದಾಗಿತ್ತು. ಒಂದು ದಿನ ಲಾಡಲೇಸಾಬ ಬಾಗಿಲಲ್ಲಿ ನಿಂತು, "ಅಕ್ಕಾರ, ಖಾಲಿ ಕೊಟ್ಟಿಗಿ ಮನಿಗೆ ಚಲೋ ಅಲ್ರಿ" ಅಂದ. ಹೌದೇನೋ ಎಂದು ಗುರುಬಸವ್ವ ಯೋಚಿಸುವಷ್ಟರಲ್ಲಿ ಅವನ ಕುದುರೆ ಒಳಗೆ ಕಾಲಿಟ್ಟಾಗಿತ್ತು. ಅದರ ಹೆಸರು ಮೈನಾ. (ಹೆಸರು ಹಕ್ಕಿಯದು, ಹೊಟ್ಟೆ ಕಾಳು ತುಂಬುವ ಹಗೇವಿನದು.) ತಾಯಿ ಸತ್ತ ಮರಿಯನ್ನು ಅವನೂ ಅವನ ಹೆಂಡತಿ ಹುಸೇನಬಿಯೂ ಆಡಿನ ಹಾಲು ಕುಡಿಸಿ ಬೆಳೆಸಿದ್ದರು. ಹುಸೇನಬಿ ತೀರಿಕೊಂಡ ಮೇಲೆ ಅವನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಕುದುರೆಯ ಹತ್ತಿರ. ಉಳಿದದ್ದನ್ನು ನನ್ನ ಹತ್ತಿರ.

ಸಾವಿರದ ಒಂಬೈನೂರ ನಲವತ್ಮೂರರ ಚಳಿಗಾಲ. ಯುದ್ಧದ ದೆಸೆಯಿಂದ ಪೆಟ್ರೋಲಿಗೆ ಬರ ಬಂದು, ಟಿಕೋಟಕ್ಕೆ ಹೋಗುವ ಜನರೆಲ್ಲ ಟಾಂಗಾಕ್ಕೆ ಮುಗಿಬೀಳುತ್ತಿದ್ದರು. ಅಂಥ ಹೊತ್ತಿನಲ್ಲಿ ಮೈನಾಳ ಹಿಂಗಾಲಿನ ಗಂಟಿನ ಮೇಲೆ ಚರ್ಮ ಕಿತ್ತು ಹುಣ್ಣಾಯಿತು. ಕಾರಣ ಕೊಟ್ಟಿಗೆಯ ನೆಲ. ಮೊದಲು ಅಲ್ಲಿ ಮಣ್ಣಿತ್ತು. ಆರೋಗ್ಯಶಾಸ್ತ್ರದ ಮೇಲೆ ಯಾರೋ ಬರೆದದ್ದನ್ನು ಓದಿ, ಶುಚಿತ್ವದ ಸಲುವಾಗಿ ಆ ಬೇಸಿಗೆಯಲ್ಲಿ ಫರಸಿ ಕಲ್ಲು ಹಾಕಿಸಿದವನು ನಾನೇ. ಡಿಸೆಂಬರಿನ ಚಳಿಯಲ್ಲಿ ಆ ಕಲ್ಲು ಬಾವಿಯ ನೀರಿನಷ್ಟು ತಣ್ಣಗಿರುತ್ತಿತ್ತು. ಮೈನಾ ಒಂದೆರಡು ವಾರ ಅದರ ಮೇಲೆ ಮಲಗಿ ಕಾಲು ಕೆರೆದುಕೊಂಡಳು. ಆಮೇಲೆ ಮಲಗುವುದನ್ನೇ ಬಿಟ್ಟು ನಿಂತೇ ತೂಕಡಿಸತೊಡಗಿದಳು.

ದನದ ಡಾಕ್ಟರರು ನೋಡಿ, ಗಾಡಿ ಕಟ್ಟಬೇಡ, ಮೆತ್ತಗೆ ಹಾಸಿ ಮಲಗಿಸು ಅಂದರು. ಸಂಕ್ರಾಂತಿ ಮುಗಿದ ವಾರದಲ್ಲಿ ಟಾಂಗಾಗಳ ಪಾಸಿಂಗ್, ಅಂದರೆ ಸರಕಾರದ ತಪಾಸಣೆ, ಇತ್ತು. ಕಾಲಿಗೆ ಹುಣ್ಣಿದ್ದ ಕುದುರೆಗೆ ಪರವಾನಗಿಯ ಹಿತ್ತಾಳೆ ಬಿಲ್ಲೆ ಸಿಗುವುದಿಲ್ಲ. ಬಿಲ್ಲೆ ಇಲ್ಲದ ಟಾಂಗಾ ರಸ್ತೆಗೆ ಇಳಿಯುವ ಹಾಗಿಲ್ಲ. ಉಳಿದದ್ದು ಐದು ವಾರ.

"ಬಿಲ್ಲಿ ಹೋದ್ರ ನಾ ಕೂಲಿ ಮಾಡಿ ಉಣ್ತೇನ್ರಿ ಮಾಸ್ತರ," ಅಂದ ಲಾಡಲೇಸಾಬ. "ಈಕಿನ್ನ ಏನ್ ಮಾಡ್ಲಿ? ಮಾರಾಕ ನನ್ನ ಕೈಲೆ ಆಗೂದಿಲ್ಲ."

"ಕಲ್ಲು ಕಿತ್ತು ಒಗೀರಿ," ಅಂದಳು ಗುರುಬಸವ್ವ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನಾನು ಹಾಕಿಸಿದ ಕಲ್ಲು. ಕೀಳಿಸಿದರೆ ಮರ್ಯಾದೆಯೂ ಅದರ ಜೊತೆ ಕಿತ್ತು ಬರುತ್ತಿತ್ತು. ವಾಚನಾಲಯಕ್ಕೆ ಹೋಗಿ, ಪಲ್ಟನ್ನಿನ ಕುದುರೆಗಳ ಆರೈಕೆಯ ಮೇಲೆ ಒಬ್ಬ ಬಿಳಿಯ ಸಾಹೇಬ ಬರೆದ ದಪ್ಪ ಪುಸ್ತಕ ತಂದೆ. ಸಂಜೆ ಕಟ್ಟೆಯ ಮೇಲೆ ಕೂತು ಅದರ ಅಶ್ವಶಯ್ಯಾ ಪ್ರಕರಣವನ್ನು (ಈ ಹೆಸರು ನನ್ನದು) ಕನ್ನಡ ಮಾಡಿ ಹೇಳಿದೆ. ಚಳಿಗಾಲದಲ್ಲಿ ಕುದುರೆಗೆ ಮೊಳದುದ್ದ ದಪ್ಪಗೆ ಒಣಹುಲ್ಲು ಹಾಸಬೇಕು. ನೋವಿರುವ ಪ್ರಾಣಿಗೆ ಇರುವುದರಲ್ಲಿ ಎಲ್ಲಕ್ಕಿಂತ ಮೆತ್ತನೆಯದನ್ನು ಕೊಡಬೇಕು. ಲಾಡಲೇಸಾಬ ಪುರಾಣ ಕೇಳುವವರಂತೆ ಕಣ್ಣು ಮುಚ್ಚಿ ಕೇಳಿದ.

ಸಾಹೇಬರ ಹುಲ್ಲು ನಮ್ಮಲ್ಲಿ ಎಲ್ಲಿ ಬರಬೇಕು? ಜೋಳದ ಕಣಿಕೆಯನ್ನು ಸಣ್ಣಗೆ ಕತ್ತರಿಸಿ ಹಾಸಿದೆವು. ಮರುದಿನ ಬೆಳಿಗ್ಗೆ ಲಾಡಲೇಸಾಬ ಸಪ್ಪೆ ಮುಖ ಹಾಕಿಕೊಂಡು ಬಂದ.

"ಮೈನಾ ಹಾಸಿಗಿ ತಿಂದಾಳ್ರಿ ಮಾಸ್ತರ."

"ಎಲ್ಲಾನೂ?"

"ದಿಂಬಿನ ಕಡಿ ಒಂಚೂರು ಬಿಟ್ಟಾಳ್ರಿ."

ತಿನ್ನಲಾಗದ ವಸ್ತು ಬೇಕು ಎಂದು ತೀರ್ಮಾನಿಸಿ, ಕಟ್ಟಿಗೆ ಅಡ್ಡೆಯಿಂದ ಮರ ಕೊಯ್ದ ಪುಡಿ ತರಿಸಿದೆ. ಮೈನಾ ಅದನ್ನು ತಿನ್ನಲಿಲ್ಲ. ಮೂಸಿ ನೋಡಿ, ಸೀನಿ, ಬಾಲ ಬೀಸಿ ಕಾಲಿಂದ ಕೆದರಿದಳು. ಉಳಿದದ್ದನ್ನು ಗಾಳಿ ನೋಡಿಕೊಂಡಿತು. ಮಾಳಿಗೆಯ ಮೇಲೆ ಗುರುಬಸವ್ವನ ಸಂಡಿಗೆ ಒಣಗುತ್ತಿದ್ದವು.

"ಈ ಸಂಡಿಗಿ ನೀವಿಬ್ಬರ ತಿನ್ರಿ," ಅಂದಳು. "ಸಾಗವಾನಿ ಕಟಿಗಿ ಐತಿ. ಹಲ್ಲು ಗಟ್ಟಿ ಆಗ್ತಾವ."

"ಅಕ್ಕಾರ, ನನಗ ನಾಕ ಹಲ್ಲ ಅದಾವ್ರಿ," ಅಂದ ಲಾಡಲೇಸಾಬ, ಬಹಳ ವಿನಯದಿಂದ.

ಮೂರನೆಯದು ಶೇಂಗಾದ ಹೊಟ್ಟು. ಹಗುರ, ಒಣ, ಬೆಚ್ಚಗೆ. ಎರಡು ಗಾಡಿ ತುಂಬ ತಂದು ಸುರಿದೆವು. ಆದರೆ ದಿನದಿಂದ ದಿನಕ್ಕೆ ಹಾಸಿಗೆ ತೆಳ್ಳಗಾಗುತ್ತ ಹೋಯಿತು. ಪುಸ್ತಕ ತೆರೆದು, ಇದು ಅಭಕ್ಷ್ಯಭಕ್ಷಣವೆಂಬ ರೋಗ ಎಂದು ಕಂಡುಹಿಡಿದೆ. ಮೈನಾಳ ಮುಂದೆ ನಿಂತು ಸಂಯಮದ ಮೇಲೆ ಎರಡು ಮಾತೂ ಹೇಳಿದೆ. ಆ ವಾರ ಸ್ನಾನದ ನೀರು ಮಾತ್ರ ಬಲು ಸೊಗಸಾಗಿ ಕಾದಿರುತ್ತಿತ್ತು. ಹೆಂಡತಿಯನ್ನು ಹೊಗಳಿದೆ. ಆರನೆಯ ದಿನ ಬೆಳಿಗ್ಗೆ ಬೇಗ ಎದ್ದು ಹಿತ್ತಲಿಗೆ ಹೋದಾಗ, ಅವಳು ಬುಟ್ಟಿ ತುಂಬ ಹೊಟ್ಟು ಹೊತ್ತು ಬಚ್ಚಲ ಒಲೆಯ ಕಡೆ ನಡೆದಿದ್ದಳು.

"ಅದು ಕುದರಿ ಹಾಸಿಗಿ," ಅಂದೆ.

"ಕುದರಿ ನಿಂತೈತಿ. ನೀವ ದಿನಾ ಸೊಂಟ ಸೊಂಟ ಅಂತ ಒದರತೀರಿ. ಬಿಸಿನೀರು ಎಲ್ಲಿಂದ ಬರ್ತಾವ ಅಂದ್ಕೊಂಡೀರಿ?"

ಅದೂ ನಿಜ. ಆ ಚಳಿಗಾಲ ನನ್ನ ಸೊಂಟ ಹಿಡಿದಿತ್ತು. ಹಳೆಯ ಗಾದಿ ಗಂಟುಕಟ್ಟಿತ್ತು. ಅದನ್ನು ನೋಡಲಾರದೆ ಗುರುಬಸವ್ವ ಬಬಲೇಶ್ವರದ ತನ್ನ ಅಣ್ಣ ಶಿವಯೋಗೆಪ್ಪನಿಗೆ ಹೇಳಿಕಳಿಸಿ, ಹೊಸ ಗಾದಿಗೆಂದು ಒಳ್ಳೆಯ ಹತ್ತಿ ಬೇಡಿದ್ದಳು. ಲಾಡಲೇಸಾಬ ಇನ್ನೊಬ್ಬರ ಟಾಂಗಾದಲ್ಲಿ ಹೋಗಿ ಆ ಚೀಲ ತಂದ. ಶಿವಯೋಗೆಪ್ಪ ಅವನಿಗೆ ಹೇಳಿದ್ದು ಇಷ್ಟೇ: ಮಾಸ್ತರರ ಮನಿಗೆ ಮುಟ್ಟಿಸು.

ಅದೇ ಹೊತ್ತಿಗೆ ನನಗೆ ನಾಲ್ಕನೆಯ ಉಪಾಯ ಹೊಳೆದಿತ್ತು. ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಉಳಿಯುವ ಕಸ, ಅಂದರೆ ಕಾಯಿಯ ಸಿಪ್ಪೆ, ಒಣ ಎಲೆ, ಕಡ್ಡಿಗೆ ಅಂಟಿದ ಎಳೆ. ತಿನ್ನಲು ಬಾರದು, ಉರುವಲಿಗೂ ಹೊಗೆ. ಅದರದೂ ಒಂದು ಚೀಲ ತರಿಸಿದೆ. ಎರಡು ಚೀಲ ಕಟ್ಟೆಯ ಮೇಲೆ ಒತ್ತಟ್ಟಿಗೆ ಕೂತವು. ಗುರುಬಸವ್ವ ಟಿಕೋಟದ ನೆಂಟರ ಮನೆಗೆ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದಳು. ಹತ್ತಿ ಹಿಂಜಿ ಗಾದಿ ತುಂಬುವ ಪಿಂಜಾರ ಮಲ್ಲಿಕಸಾಬ ಬಿಲ್ಲು ಹಿಡಿದು ಬಂದಾಗ ನನಗೆ ಸಾಲೆಗೆ ಹೊತ್ತಾಗಿತ್ತು. "ಪುಸ್ತಕದಾಗ ಹೇಳಿದಂಗ ಮಾಡು," ಎಂದು ಲಾಡಲೇಸಾಬನಿಗೆ ಅಪ್ಪಣೆ ಮಾಡಿ ಹೋದೆ.

ಅವನು ಹಾಗೆಯೇ ಮಾಡಿದ. ಎರಡೂ ಚೀಲಕ್ಕೆ ಕೈಹಾಕಿ ನೋಡಿದ. ನೋವಿರುವ ಪ್ರಾಣಿಗೆ ಎಲ್ಲಕ್ಕಿಂತ ಮೆತ್ತನೆಯದು. ಬಬಲೇಶ್ವರದ ಹತ್ತಿಯನ್ನು ಹೂವಿನಂತೆ ಹಿಂಜಿಸಿ, ಗೋಣಿಯ ತಟ್ಟಿನಲ್ಲಿ ತುಂಬಿಸಿ, ತಾನೇ ದಬ್ಬಣ ಹಿಡಿದು ಹೊಲಿದು ಮೈನಾಳ ಕಾಲ ಕೆಳಗೆ ಹಾಸಿದ.

"ಈ ಕಸಾ ಗಾದಿಗೆ ತುಂಬಬೇಕೇನೋ?" ಎಂದು ಮಲ್ಲಿಕಸಾಬ ಕೇಳಿದನಂತೆ.

"ತುಂಬು. ಮಾಸ್ತರ ಭಾಳ ಓದ್ಯಾರ," ಅಂದನಂತೆ ಇವನು. "ಅದರಾಗ ಏನರೆ ಗುಣಾ ಇರಬೇಕು."

ಮೂರು ದಿನ ನಾನು ಆ ಗಾದಿಯ ಮೇಲೆ ಮಲಗಿದೆ. ಬೆನ್ನಿಗೆ ಕಡ್ಡಿ ಚುಚ್ಚಿದಾಗ, ಹೊಸ ಗಾದಿ ಪಳಗಲು ದಿನ ಬೇಕು ಅಂದುಕೊಂಡೆ. ನಾಲ್ಕನೆಯ ದಿನ ಮಧ್ಯಾಹ್ನ ಗುರುಬಸವ್ವ ಊರಿಂದ ಬಂದು ಅದರ ಮೇಲೆ ಕೂತಳು. ಕೂತಷ್ಟೇ ಬೇಗ ಎದ್ದಳು. ಹೊಲಿಗೆ ಬಿಚ್ಚಿ ಒಂದು ಹಿಡಿ ಹೊರಗೆಳೆದು ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಕೊಟ್ಟಿಗೆಗೆ ನಡೆದಳು. ಲಾಡಲೇಸಾಬನನ್ನು ಉಳಿಸಿಕೊಳ್ಳಬೇಕೆಂದು ನಾನೂ ಹಿಂದೆ ಓಡಿದೆ.

ಮೈನಾ ಮಲಗಿದ್ದಳು. ವಾರಗಟ್ಟಲೆ ನಿಂತೇ ಇದ್ದ ಕುದುರೆ ಮಗ್ಗುಲಾಗಿ, ನಾಲ್ಕೂ ಕಾಲು ಚಾಚಿ, ಕುತ್ತಿಗೆ ನೆಲಕ್ಕೆ ಚೆಲ್ಲಿ ನಿದ್ದೆ ಮಾಡುತ್ತಿತ್ತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಲಾಡಲೇಸಾಬ ಬೆರಳು ತುಟಿಗಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿದ. ಅವನ ಗಡ್ಡವೆಲ್ಲ ಒದ್ದೆಯಾಗಿತ್ತು.

ಗುರುಬಸವ್ವ ಬಹಳ ಹೊತ್ತು ನೋಡುತ್ತ ನಿಂತಳು. ಹೊರಗೆ ಬಂದ ಮೇಲೆ, ಆ ಹತ್ತಿ ವಾಪಸು ತೆಗೆಸಲೇ ಎಂದು ಪಿಸುಗುಟ್ಟಿದೆ.

"ಮುಟ್ಟಿದ್ರ ನೋಡ್ರಿ ಮತ್ತ."

"ಮತ್ತ ನನ್ನ ಸೊಂಟ?"

"ಕುದರಿಗೆ ಪಾಸಿಂಗ್ ಐತಿ. ನಿಮ್ಮ ಸೊಂಟಕ್ಕ ಯಾವ ಪಾಸಿಂಗ್ ಐತಿ?"



ಹುಣ್ಣು ಮಾಯ್ದು, ಅದರ ಮೇಲೆ ಹೊಸ ಕೂದಲು ಬಂತು. ಪಾಸಿಂಗಿನ ಸಾಹೇಬರು ಕಾಲು ಎತ್ತಿಸಿ ಒತ್ತಿ ನೋಡಿ ಬಿಲ್ಲೆ ಕೊಟ್ಟರು. ಹೇಗೆ ವಾಸಿ ಮಾಡಿದೆ ಎಂದು ಕೇಳಿದವರಿಗೆಲ್ಲ ಲಾಡಲೇಸಾಬ, "ನಮ್ಮ ಮಾಸ್ತರ ಪುಸ್ತಕ ಓದಿ ಹೇಳ್ಯಾರ್ರಿ" ಅಂದ. ಅರಕೇರಿಯಿಂದಲೂ ಟಾಂಗಾದವರು ನನ್ನ ಸಲಹೆ ಕೇಳಲು ಬರತೊಡಗಿದರು. ನಾನು ಸೊಂಟ ಹಿಡಿದು, ಬಾಗಿ, ಗೋಡೆಗೆ ಆನಿಕೊಂಡು ಹೊರಗೆ ಬರುತ್ತಿದ್ದೆ. ಓದಿ ಓದಿ ಬೆನ್ನು ಬಾಗೈತಿ ಎಂದು ಅವರು ಕೈಮುಗಿಯುತ್ತಿದ್ದರು. ಒಳಗೆ ಗುರುಬಸವ್ವ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಆ ಹತ್ತಿ ನನ್ನ ಗಾದಿಗೆಂದು ಬಂದದ್ದು ಲಾಡಲೇಸಾಬನಿಗೆ ತಿಳಿದದ್ದು ಯುಗಾದಿ ದಾಟಿದ ಮೇಲೆ. ಮಲ್ಲಿಕಸಾಬನೇ ಬಾಯಿಬಿಟ್ಟಿದ್ದ. ಬಂದು ಕಟ್ಟೆಯ ಮೇಲೆ ಕೂತ.

"ಒಂದ ಮಾತು ಹೇಳಬಾರದೇನ್ರಿ ಮಾಸ್ತರ?"

"ಹೇಳಿದ್ರ ನೀ ಏನ್ ಮಾಡ್ತಿದ್ದಿ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ನಿಮಗ ಕೈಮುಗಿದು ಕೇಳ್ತಿದ್ದೆ," ಅಂದ. "ಹಾಸೂದು ಆಕಿಗೇ ಹಾಸ್ತಿದ್ದೆ."

ಅದಾಗಿ ಐದು ವರ್ಷ. ಈಗ ಮೈನಾ ಮುದುಕಿ. ಗಾಡಿ ಎಳೆಯುವುದಿಲ್ಲ, ಕೊಟ್ಟಿಗೆಯಲ್ಲೇ ಇದ್ದಾಳೆ. ತೀರಿಕೊಳ್ಳುವ ಹಿಂದಿನ ದಿನ, ಹೋದ ಬುಧವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಲಾಡಲೇಸಾಬ ಜ್ವರದಲ್ಲೇ ನಡೆದುಕೊಂಡು ಬಂದ. ಹಲ್ಲು ಕಟಕಟ ಅನ್ನುತ್ತಿದ್ದವು. ಗುರುಬಸವ್ವ ಅವನನ್ನು ಬಾಯಿತುಂಬ ಬೈದಳು. ಈ ದೀಪಾವಳಿಗೆ ಅವಳು ನನಗೆ ತಂದುಕೊಟ್ಟಿದ್ದ ಹೊಸ ಉಣ್ಣೆಯ ಶಾಲನ್ನು ನಾನು ತೆಗೆದು ಅವನಿಗೆ ಹೊದಿಸಿದೆ. ಅವನು ಬೇಡ ಅನ್ನಲಿಲ್ಲ. ಕೊಟ್ಟಿಗೆಗೆ ಹೋಗಿ ಹಾಸಿಗೆ ಕೊಡವಿ ಹಾಸಿದ, ಅಲ್ಲಲ್ಲಿ ಅಂಗೈ ಒತ್ತಿ ನೋಡಿದ. ಮೈನಾ ಮಂಡಿಯೂರಿ ನಿಧಾನವಾಗಿ ಮಲಗುವ ತನಕ ಅವಳ ಕುತ್ತಿಗೆ ಹಿಡಿದು ನಿಂತ. ಆಮೇಲೆ ನನ್ನ ಕಡೆ ನೋಡಿ ಸ್ವಲ್ಪ ನಾಚಿದಂತೆ ನಕ್ಕು, ಮೈಮೇಲಿದ್ದ ಶಾಲು ತೆಗೆದು, ಎರಡು ಮಡಿಕೆ ಮಾಡಿ, ಕುದುರೆಯ ಬೆನ್ನಿಗೆ ಹೊದಿಸಿದ.